ತೆಂಗಿನಕಾಯಿಗೆ ಗುಂಡು ಹೊಡೆದರೆ ಒಲಿಂಪಿಕ್ ಪದಕ ಯಾಕಿಲ್ಲ?

ಕೊಡಗಿನ ಗೋಣಿಕೊಪ್ಪದಲ್ಲಿ ನಾನು ಕೂದಲು ಕತ್ತರಿಸಿಕೊಳ್ಳಲು ಹೋಗುವ ಅಂಗಡಿಯಲ್ಲಿ ಟಿವಿ ಆರಿದ್ದನ್ನು ಯಾರೂ ನೋಡಿಲ್ಲ. 2024ರ ಅಕ್ಟೋಬರ್‌ನಲ್ಲಿ ಒಂದು ದಿನ ಅದರಲ್ಲಿ ಸುದ್ದಿ ಬಂತು. 2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹಾಕಿ ಇಲ್ಲ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಹಿರಿಯರೊಬ್ಬರು ಅರ್ಧ ಎದ್ದೇ ಬಿಟ್ಟರು. "ಹಾಕಿ ತೆಗೆದ್ರಾ? ಯಾರು ತೆಗೆದದ್ದು?" ರೇಜರ್ ಹಿಡಿದಿದ್ದ ಹುಡುಗ ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಂಡ. "ಅಂಕಲ್, ಅಲುಗಾಡಬೇಡಿ." ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಇನ್ನೊಬ್ಬರು, "ಹಾಕಿ ಜಾಗಕ್ಕೆ ನಮ್ಮ ತೆಂಗಿನಕಾಯಿ ಶೂಟಿಂಗ್ ಹಾಕ್ಲಿ ಮಾರಾಯ್ರೆ, ಪದಕ ಎಲ್ಲಾ ಇಲ್ಲಿಗೇ" ಅಂದರು.

ಎಲ್ಲರೂ ನಕ್ಕೆವು. ಆದರೆ ಎರಡೂ ಪ್ರಶ್ನೆ ತಲೆಯಲ್ಲಿ ಉಳಿದವು. ಹಾಕಿಯನ್ನು ತೆಗೆಯುವವರು ಯಾರು? ತೆಂಗಿನಕಾಯಿಯನ್ನು ಸೇರಿಸಬೇಕೆಂದರೆ ಯಾರ ಹತ್ತಿರ ಹೋಗಬೇಕು? ಆಮೇಲೆ ಕೂತು ಓದಿದೆ. ಆಟಗಳ ಪಟ್ಟಿ ತಯಾರಾಗುವ ರೀತಿ ನಾವು ಅಂದುಕೊಂಡ ಹಾಗೆ ಇಲ್ಲ. ಯಾವ ಆಟ ಚೆನ್ನ, ಯಾವುದನ್ನು ಜಾಸ್ತಿ ಜನ ನೋಡುತ್ತಾರೆ ಅನ್ನುವುದು ಅದರಲ್ಲಿ ಒಂದು ಭಾಗ ಮಾತ್ರ.

ಮೊದಲು ಒಂದು ಗೊಂದಲ ಬಿಡಿಸೋಣ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಎಲ್ಲವನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಮೂರಕ್ಕೂ ಬೇರೆ ಬೇರೆ ಯಜಮಾನರು. ಒಲಿಂಪಿಕ್ಸ್ ನಡೆಸುವುದು ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿರುವ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಅಂದರೆ ಐಒಸಿ. ಏಷ್ಯನ್ ಗೇಮ್ಸ್ ಏಷ್ಯಾ ಒಲಿಂಪಿಕ್ ಮಂಡಳಿಯದು, ಅದರ ಕಚೇರಿ ಕುವೈತ್‌ನಲ್ಲಿದೆ. ಕಾಮನ್‌ವೆಲ್ತ್ ಕೂಟಕ್ಕೆ ಅದರದ್ದೇ ಸಂಸ್ಥೆ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಒಪ್ಪಬೇಕೆಂದಿಲ್ಲ. ಕಬಡ್ಡಿ 1990ರ ಬೀಜಿಂಗ್‌ನಿಂದಲೂ ಏಷ್ಯನ್ ಗೇಮ್ಸ್‌ನಲ್ಲಿದೆ. ಒಲಿಂಪಿಕ್ಸ್ ಪದಕಪಟ್ಟಿಗೆ ಅದು ಇವತ್ತಿಗೂ ಬಂದಿಲ್ಲ. ಹಾಗಾಗಿ ಅಂಗಡಿಯ ಹಿರಿಯರ ಕೋಪಕ್ಕೆ ಮೊದಲ ಸಮಾಧಾನ: ಗ್ಲಾಸ್ಗೋದಲ್ಲಿ ಹಾಕಿ ಬಿಟ್ಟರೆಂದ ಮಾತ್ರಕ್ಕೆ ಒಲಿಂಪಿಕ್ಸ್‌ನಿಂದಲೂ ಹೋಯಿತು ಅಂತಲ್ಲ. 2028ರ ಲಾಸ್ ಏಂಜಲೀಸ್‌ನಲ್ಲಿ ಹಾಕಿ ಇದೆ.

ಇನ್ನು ವಿಂಗಡಣೆಯ ವಿಷಯ. ಇದನ್ನು ಕೊಡಗಿನವರಿಗೆ ಹೇಳುವುದು ಸುಲಭ, ಯಾಕೆಂದರೆ ನಮಗೆ ಒಕ್ಕ, ಅಂದರೆ ಒಂದೇ ಮನೆಹೆಸರಿನ ಕುಲ, ಗೊತ್ತು.

ಒಲಿಂಪಿಕ್ಸ್‌ನಲ್ಲಿ ಮೂರು ಮೆಟ್ಟಿಲು ಇವೆ. ಮೇಲಿನದು ಕ್ರೀಡೆ. ಅದರ ಕೆಳಗೆ ವಿಭಾಗ. ಅದರ ಕೆಳಗೆ ಸ್ಪರ್ಧೆ. ಸ್ಪರ್ಧೆ ಅಂದರೆ ಒಂದು ಚಿನ್ನ, ಒಂದು ಬೆಳ್ಳಿ, ಜೊತೆಗೆ ಕಂಚು ಕೊಡುವ ಒಂದು ಪಂದ್ಯಾವಳಿ. ಈಜನ್ನು ತೆಗೆದುಕೊಳ್ಳಿ. ಕ್ರೀಡೆಯ ಹೆಸರು ಜಲಕ್ರೀಡೆ. ಅದರ ಒಳಗೆ ಈಜು, ಡೈವಿಂಗ್, ವಾಟರ್ ಪೋಲೊ, ಕಲಾತ್ಮಕ ಈಜು, ತೆರೆದ ನೀರಿನ ಮ್ಯಾರಥಾನ್ ಈಜು ಎಂಬ ವಿಭಾಗಗಳು. ಈಜಿನ ಒಳಗೆ ನೂರು ಮೀಟರ್ ಬಟರ್‌ಫ್ಲೈ ಒಂದು ಸ್ಪರ್ಧೆ. 2024ರ ಪ್ಯಾರಿಸ್ ಕೂಟದ ಲೆಕ್ಕ ಹೀಗಿತ್ತು: 32 ಕ್ರೀಡೆ, 48 ವಿಭಾಗ, 329 ಸ್ಪರ್ಧೆ.

ಈಗ ಒಂದು ಪ್ರಶ್ನೆ ಬರುತ್ತದೆ. ವಾಟರ್ ಪೋಲೊ ನೋಡಿದರೆ ನೀರಿನೊಳಗಿನ ಹ್ಯಾಂಡ್‌ಬಾಲ್ ಇದ್ದಂತೆ ಇದೆ. ಡೈವಿಂಗ್ ಜಿಮ್ನಾಸ್ಟಿಕ್ಸ್ ಇದ್ದಂತೆ ಇದೆ. ಇವೆರಡೂ ಹೇಗೆ ಒಂದೇ ಕ್ರೀಡೆ ಆದವು? ಟೆನಿಸ್, ಬ್ಯಾಡ್ಮಿಂಟನ್, ಸ್ಕ್ವಾಷ್ ಮೂರರಲ್ಲೂ ಕೈಯಲ್ಲಿ ರ‍್ಯಾಕೆಟ್. ಆದರೂ ಅವು ಯಾಕೆ ಬೇರೆ ಬೇರೆ?

ಉತ್ತರ ಒಕ್ಕದಲ್ಲಿದೆ. ಒಂದೇ ಒಕ್ಕದವರ ಮೂಗು ಒಂದೇ ಥರ ಇರಬೇಕೆಂದಿಲ್ಲ ಅಲ್ವಾ? ಐನ್‌ಮನೆ, ಅಂದರೆ ಕುಲದ ಮೂಲಮನೆ, ಒಂದು. ಪಟ್ಟೆದಾರ, ಅಂದರೆ ಕುಲದ ಯಜಮಾನ, ಒಬ್ಬರು. ಅಷ್ಟೇ. ಒಲಿಂಪಿಕ್ಸ್‌ನಲ್ಲೂ ಆಟಗಳನ್ನು ಹೋಲಿಕೆ ನೋಡಿ ಗುಂಪು ಮಾಡಿಲ್ಲ. ಯಾವ ಅಂತರರಾಷ್ಟ್ರೀಯ ಒಕ್ಕೂಟದ ಕೆಳಗೆ ಬರುತ್ತದೆ ಅಂತ ನೋಡಿ ಗುಂಪು ಮಾಡಿದ್ದಾರೆ. ನೀರಿನ ಆಟಗಳಿಗೆಲ್ಲ ಒಂದೇ ಒಕ್ಕೂಟ, ಹಾಗಾಗಿ ಒಂದೇ ಕ್ರೀಡೆ. ರ‍್ಯಾಕೆಟ್ ಆಟಗಳಿಗೆ ಬೇರೆ ಬೇರೆ ಒಕ್ಕೂಟ, ಹಾಗಾಗಿ ಬೇರೆ ಬೇರೆ ಕ್ರೀಡೆ. ರಸ್ತೆಯ ಮೇಲೆ ನೂರಾರು ಕಿಲೋಮೀಟರ್ ತುಳಿಯುವ ಸೈಕಲ್ ಸವಾರನೂ, ಹಲಗೆಯ ಮೇಲೆ ಸೈಕಲ್ ಹಾರಿಸಿ ಗಾಳಿಯಲ್ಲಿ ತಿರುಗುವ ಹುಡುಗನೂ ಒಂದೇ ಪಟ್ಟೆದಾರನ ಮಕ್ಕಳು.

ಈ ಒಂದು ಸಂಗತಿ ಅರ್ಥವಾದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಟಕ್ಕೆ ಮೊದಲು ಬೇಕಾದದ್ದು ಸಂಘ. ಇದನ್ನು ಹಾಕಿಯಷ್ಟು ಕಹಿಯಾಗಿ ಕಲಿತ ಆಟ ಇನ್ನೊಂದಿಲ್ಲ.

1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹಾಕಿ ಇತ್ತು. 1920ರ ಆಂಟ್‌ವರ್ಪ್‌ನಲ್ಲೂ ಇತ್ತು. 1924ರ ಪ್ಯಾರಿಸ್‌ನಲ್ಲಿ ಇರಲಿಲ್ಲ. ಕಾರಣ? ಹಾಕಿಗೆ ಅಂತರರಾಷ್ಟ್ರೀಯ ಒಕ್ಕೂಟವೇ ಇರಲಿಲ್ಲ. ಆಟ ಇದೆ, ಆಟಗಾರರಿದ್ದಾರೆ, ಕೋಲು ಚೆಂಡು ಎಲ್ಲಾ ಇವೆ. ಆದರೆ ಎಲ್ಲ ದೇಶಗಳ ಪರವಾಗಿ ಮಾತಾಡುವ, ನಿಯಮ ಹೇಳುವ, ಸಹಿ ಹಾಕುವ ಒಂದು ಮನೆ ಇಲ್ಲ. ಹೊರಗೆ ನಿಲ್ಲಿಸಿದರು. ಪಾಲ್ ಲಿಯೋಟೆ ಎಂಬ ಫ್ರೆಂಚ್ ಮನುಷ್ಯ ಇದಕ್ಕೆ ಉತ್ತರವಾಗಿ ಅದೇ ವರ್ಷ ಪ್ಯಾರಿಸ್‌ನಲ್ಲಿ ಯುರೋಪಿನ ಏಳು ದೇಶಗಳನ್ನು ಸೇರಿಸಿ ಒಕ್ಕೂಟ ಕಟ್ಟಿದರು. ಅದೇ ಇವತ್ತಿನ ಅಂತರರಾಷ್ಟ್ರೀಯ ಹಾಕಿ ಒಕ್ಕೂಟ, ಎಫ್‌ಐಎಚ್. ಮರುವರ್ಷ, 1925ರಲ್ಲಿ, ಭಾರತದ ಹಾಕಿ ಫೆಡರೇಶನ್ ಹುಟ್ಟಿತು. 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹಾಕಿ ವಾಪಸ್ ಬಂತು. ಭಾರತ ಚಿನ್ನ ಗೆದ್ದಿತು. ಅಲ್ಲಿಂದ ಇಲ್ಲಿಯವರೆಗೆ ಹಾಕಿ ಒಂದು ಒಲಿಂಪಿಕ್ಸನ್ನೂ ತಪ್ಪಿಸಿಲ್ಲ. ಹೆಂಗಸರ ಹಾಕಿ ಮಾತ್ರ 1980ರವರೆಗೆ ಕಾಯಬೇಕಾಯಿತು. 1972ರಲ್ಲಿ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಕಂಚು ತಂದದ್ದು, 1980ರಲ್ಲಿ ಎಂ.ಎಂ. ಸೋಮಯ್ಯ ಚಿನ್ನದ ತಂಡದಲ್ಲಿ ಇದ್ದದ್ದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅದರ ಹಿಂದೆ ಯಾವುದೋ ಮೇಜಿನ ಸುತ್ತ ಕೂತು ಸಂಘ ಕಟ್ಟಿದವರು ಇದ್ದರು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಸಂಘ ಇದ್ದರೆ ಸಾಕೇ? ಸಾಲದು. ಆ ಸಂಘಕ್ಕೆ ಐಒಸಿ ಮಾನ್ಯತೆ ಕೊಡಬೇಕು. ಸಂಘ ಉದ್ದೀಪನ ಮದ್ದಿನ ತಡೆಗೆ ಇರುವ ಜಾಗತಿಕ ನಿಯಮ ಒಪ್ಪಬೇಕು. ಹಿಂದೆ ಒಲಿಂಪಿಕ್ ನಿಯಮಪುಸ್ತಕದಲ್ಲೇ ಲೆಕ್ಕ ಬರೆದಿತ್ತು. ಗಂಡಸರ ಆಟವಾದರೆ ಕನಿಷ್ಠ 75 ದೇಶ, ನಾಲ್ಕು ಖಂಡ. ಹೆಂಗಸರದಾದರೆ 40 ದೇಶ, ಮೂರು ಖಂಡ. ಅಷ್ಟು ಕಡೆ ವ್ಯಾಪಕವಾಗಿ ಆಡುತ್ತಿದ್ದರೆ ಮಾತ್ರ ಒಳಗೆ. ಈಗ ಆ ಗೆರೆ ಇಲ್ಲ. ಬದಲಿಗೆ ಒಂದು ಕಾರ್ಯಕ್ರಮ ಆಯೋಗ ಆಟವನ್ನು ಹತ್ತಾರು ಕಡೆಯಿಂದ ತೂಗಿ ನೋಡುತ್ತದೆ. ಎಷ್ಟು ದೇಶ, ಎಷ್ಟು ಟಿವಿ ವೀಕ್ಷಕರು, ಹೆಂಗಸರಿಗೆ ಎಷ್ಟು ಜಾಗ, ಖರ್ಚು ಎಷ್ಟು, ಯುವಕರಿಗೆ ಇಷ್ಟವೇ, ತೀರ್ಪು ಪಾರದರ್ಶಕವೇ. ಅದರ ವರದಿ ಕಾರ್ಯಕಾರಿ ಮಂಡಳಿಗೆ ಹೋಗುತ್ತದೆ. ಕೊನೆಗೆ ಐಒಸಿ ಸದಸ್ಯರ ಅಧಿವೇಶನದಲ್ಲಿ ಮತ. 'ಯಾರು ತೆಗೆದದ್ದು' ಅನ್ನುವ ಪ್ರಶ್ನೆಗೆ ಒಲಿಂಪಿಕ್ಸ್ ಮಟ್ಟದಲ್ಲಿ ಉತ್ತರ ಇದು.

ಈ ಮತ ಎಷ್ಟು ವಿಚಿತ್ರವಾಗಿ ಬೀಳಬಹುದು ಅನ್ನುವುದಕ್ಕೆ 2013 ನೋಡಿ. ಆ ಫೆಬ್ರವರಿಯಲ್ಲಿ ಕಾರ್ಯಕಾರಿ ಮಂಡಳಿ 2020ರಿಂದ ಒಂದು ಖಾಯಂ ಕ್ರೀಡೆಯನ್ನು ಕೈಬಿಡಬೇಕಿತ್ತು. ಕೊನೆಯ ಸುತ್ತಿನ ಅಪಾಯದ ಪಟ್ಟಿಯಲ್ಲಿ ಆಧುನಿಕ ಪೆಂಟಾಥ್ಲಾನ್, ಕುಸ್ತಿ ಮತ್ತು ನಮ್ಮ ಹಾಕಿ ಇದ್ದವು. ಬಿದ್ದದ್ದು ಕುಸ್ತಿ. ಪ್ರಾಚೀನ ಗ್ರೀಸಿನಿಂದಲೂ ಇದ್ದ ಆಟ! ಭಾರತದಲ್ಲಿ ಕುಸ್ತಿಯ ಬಗ್ಗೆ ಗಲಾಟೆ ಆಯಿತು, ಸರಿ. ಆದರೆ ಹಾಕಿ ಕೂಡ ಅದೇ ಕತ್ತಿಯ ಕೆಳಗೆ ಕೂತಿತ್ತು ಅನ್ನುವುದು ನಮ್ಮೂರಲ್ಲಿ ಚರ್ಚೆಯೇ ಆಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್ ಅಧಿವೇಶನದಲ್ಲಿ ಉಳಿದ ಒಂದು ಜಾಗಕ್ಕೆ ಮತ ನಡೆಯಿತು. ಕುಸ್ತಿಗೆ 49, ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಜೋಡಿಗೆ 24, ಸ್ಕ್ವಾಷ್‌ಗೆ 22. ಹೊರಗೆ ಹಾಕಿದವರೇ ಏಳು ತಿಂಗಳಲ್ಲಿ ಒಳಗೆ ಕರೆದರು.

ಯಾಕೆ ಒಂದನ್ನು ಸೇರಿಸಲು ಇನ್ನೊಂದನ್ನು ತೆಗೆಯಬೇಕು? ಎಲ್ಲಾ ಇರಲಿ ಬಿಡಿ ಅನ್ನಬಾರದೇ?

ನಮ್ಮ ಕೌಟುಂಬಿಕ ಹಾಕಿಯಲ್ಲಿ ಹಾಗೇ ಅನ್ನುತ್ತೇವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಶುರು ಮಾಡಿದಾಗ 60 ಕುಟುಂಬಗಳ ತಂಡಗಳಿದ್ದವು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕಪ್ ನಡೆದಾಗ 396. ತಂಡ ಜಾಸ್ತಿಯಾದಷ್ಟೂ ನಮಗೆ ಹೆಮ್ಮೆ. ಮೀಸೆ ಬಾರದ ಹುಡುಗನೂ ಅರವತ್ತು ದಾಟಿದ ಮಾವನೂ ಒಂದೇ ತಂಡ. ಹೆಣ್ಣುಮಕ್ಕಳೂ ಅದೇ ತಂಡದಲ್ಲಿ. ತೂಕ ಕೇಳುವವರಿಲ್ಲ, ವಯಸ್ಸು ಕೇಳುವವರಿಲ್ಲ. ಮನೆಹೆಸರು ಒಂದಾದರೆ ಸಾಕು. ತಿಂಗಳಗಟ್ಟಲೆ ನಡೆದರೂ ಯಾರಿಗೂ ಅವಸರವಿಲ್ಲ. ಆಡಿದವರು ಸಂಜೆ ತಮ್ಮ ಮನೆಗೆ, ಇಲ್ಲದಿದ್ದರೆ ನೆಂಟರ ಮನೆಗೆ ಹೋಗುತ್ತಾರೆ.

ಒಲಿಂಪಿಕ್ಸ್‌ನಲ್ಲಿ ನೆಂಟರ ಮನೆ ಇಲ್ಲ. ಎಲ್ಲರಿಗೂ ಕ್ರೀಡಾಗ್ರಾಮದಲ್ಲಿ ಹಾಸಿಗೆ ಕೊಡಬೇಕು. ಎರಡೂವರೆ ವಾರದಲ್ಲಿ ಮುಗಿಸಬೇಕು. ಹಾಗಾಗಿ ಬೇಸಿಗೆ ಒಲಿಂಪಿಕ್ಸ್‌ಗೆ 10,500 ಕ್ರೀಡಾಪಟುಗಳು ಎಂಬ ಮಿತಿ ಹಾಕಿಕೊಂಡಿದ್ದಾರೆ. ಪಟ್ಟಿಯ ಜಗಳವೆಲ್ಲ ಕೊನೆಗೆ ಈ ಹಾಸಿಗೆಗಳ ಜಗಳ. ಹಾಕಿಗೆ ಗಂಡಸರ 12 ತಂಡ, ಹೆಂಗಸರ 12 ತಂಡ. ತಂಡಕ್ಕೆ 16 ಜನ. ಗುಣಿಸಿ ನೋಡಿ, 384 ಹಾಸಿಗೆ. ಸಿಗುವುದು ಎರಡೇ ಎರಡು ಚಿನ್ನ. ಪ್ಯಾರಿಸ್‌ನಲ್ಲಿ ಗೋಡೆ ಹತ್ತುವ ಕ್ಲೈಂಬಿಂಗ್ ಕ್ರೀಡೆಗೆ 68 ಜನ ಸಾಕಾಯಿತು, ಕೊಟ್ಟದ್ದು ನಾಲ್ಕು ಚಿನ್ನ. ಲೆಕ್ಕ ಬರೆಯುವವನ ಕಣ್ಣಿಗೆ ಹಾಕಿ ದುಬಾರಿ ಅತಿಥಿ.

ದೊಡ್ಡ ತಂಡದ ಆಟಗಳು ಚಿಕ್ಕದಾಗುತ್ತಿರುವುದಕ್ಕೂ ಇದೇ ಕಾರಣ. ರಗ್ಬಿ 1924ರಲ್ಲಿ ಹದಿನೈದು ಜನರ ಆಟವಾಗಿ ಒಲಿಂಪಿಕ್ಸ್ ಬಿಟ್ಟಿತು, 2016ರಲ್ಲಿ ಏಳು ಜನರ ಆಟವಾಗಿ ವಾಪಸ್ ಬಂತು. ಬ್ಯಾಸ್ಕೆಟ್‌ಬಾಲ್‌ಗೆ ಮೂವರ ತಂಡದ ಅರ್ಧ ಅಂಕಣದ ಆಟ ಸೇರಿತು. ಹಾಕಿಯಲ್ಲೂ ಐವರ ಆಟ ಇದೆ. 2014 ಮತ್ತು 2018ರ ಯುವ ಒಲಿಂಪಿಕ್ಸ್‌ನಲ್ಲಿ ಆಡಿಸಿದ್ದು ಅದನ್ನೇ. ನಾಳೆ ದೊಡ್ಡ ಒಲಿಂಪಿಕ್ಸ್‌ಗೂ ಅದೇ ಬಂದರೆ? ನನಗಂತೂ ಐವರ ಹಾಕಿ ನೋಡಿದರೆ ಊಟಕ್ಕೆ ಕರೆದು ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ ಅನಿಸುತ್ತದೆ. ಆದರೆ ಹಾಸಿಗೆ ಎಣಿಸುವವರಿಗೆ ನನ್ನ ರುಚಿ ಕಟ್ಟಿಕೊಂಡು ಏನಾಗಬೇಕು.

ಈಗ ಆತಿಥೇಯರ ವಿಷಯಕ್ಕೆ ಬರೋಣ. ಕೌಟುಂಬಿಕ ಹಾಕಿಯಲ್ಲಿ ಪ್ರತಿ ವರ್ಷ ಒಂದು ಕುಟುಂಬ ಜವಾಬ್ದಾರಿ ಹೊತ್ತುಕೊಳ್ಳುತ್ತದೆ, ಕಪ್‌ಗೆ ಆ ಕುಟುಂಬದ ಹೆಸರೇ ಬರುತ್ತದೆ. ಖರ್ಚು ಅವರದು, ಓಡಾಟ ಅವರದು, ಸ್ವಲ್ಪ ಮಾತೂ ಅವರದು. ಒಲಿಂಪಿಕ್ಸ್‌ನಲ್ಲಿ ಬಹಳ ಕಾಲ ಆತಿಥೇಯ ನಗರಕ್ಕೆ ಪಟ್ಟಿಯ ಬಗ್ಗೆ ಅಷ್ಟು ಮಾತಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಐಒಸಿ ಒಂದು ಸುಧಾರಣೆ ತಂದಿತು. ಖಾಯಂ ಪಟ್ಟಿಯ ಜೊತೆಗೆ ಆತಿಥೇಯರು ತಮಗೆ ಬೇಕಾದ ಕೆಲವು ಆಟಗಳನ್ನು ಆ ಒಂದು ಕೂಟಕ್ಕೆ ಮಾತ್ರ ಕೇಳಬಹುದು. ಟೋಕಿಯೊ ಕರಾಟೆ ಮತ್ತು ಬೇಸ್‌ಬಾಲ್ ಕೇಳಿತು. ಪ್ಯಾರಿಸ್ ಬ್ರೇಕಿಂಗ್ ನೃತ್ಯ ಕೇಳಿತು. ಕರಾಟೆ ಟೋಕಿಯೊದಲ್ಲೇ ನಿಂತಿತು, ಬ್ರೇಕಿಂಗ್ ಪ್ಯಾರಿಸ್‌ನಲ್ಲೇ. ಬಂದ ನೆಂಟ ಮದುವೆ ಮುಗಿಸಿ ಹೊರಟ ಹಾಗೆ.

ಲಾಸ್ ಏಂಜಲೀಸ್ ಐದನ್ನು ಕೇಳಿತು: ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್, ಫ್ಲ್ಯಾಗ್ ಫುಟ್‌ಬಾಲ್, ಲಕ್ರಾಸ್, ಸ್ಕ್ವಾಷ್, ಟಿ20 ಕ್ರಿಕೆಟ್. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಅಧಿವೇಶನ ಇದನ್ನು ಒಪ್ಪಿತು. ಈ ಐದಕ್ಕೆ 10,500ರ ಮೇಲೆ ಹೆಚ್ಚುವರಿ 698 ಹಾಸಿಗೆ. ಒಟ್ಟು 36 ಕ್ರೀಡೆ, 351 ಸ್ಪರ್ಧೆ. ಅಮೆರಿಕದವರಿಗೆ ಬೇಸ್‌ಬಾಲ್ ಬೇಕಿತ್ತು ಅನ್ನುವುದು ಅರ್ಥವಾಗುತ್ತದೆ. ಕ್ರಿಕೆಟ್ ಯಾಕೆ? 1900ರ ಪ್ಯಾರಿಸ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಂದೇ ಒಂದು ಪಂದ್ಯ ಆಡಿ ಮುಗಿಸಿದ ಮೇಲೆ ಒಲಿಂಪಿಕ್ಸ್‌ನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಒಪ್ಪಿಗೆ ಮುಂಬೈಯಲ್ಲಿ ಸಿಕ್ಕಿದ್ದು ನೋಡಿದರೆ ನಮ್ಮ ದೇಶದ ಟಿವಿಗಳ ಸಂಖ್ಯೆ ಯಾರಿಗೋ ನೆನಪಿತ್ತು ಅಂತಲೇ ನನ್ನ ಅನಿಸಿಕೆ. ಹಾಗಿದ್ದರೂ ಗಂಡಸರಲ್ಲಿ ಆರು ತಂಡ, ಹೆಂಗಸರಲ್ಲಿ ಆರು ತಂಡ, ಒಟ್ಟು 180 ಹಾಸಿಗೆ. ಅಷ್ಟೇ.

ಸ್ಕ್ವಾಷ್ ಕಥೆ ಮಾತ್ರ ನನಗೆ ಹೊಟ್ಟೆ ಉರಿಸುತ್ತದೆ. 2012ಕ್ಕೆ ಕೇಳಿದರು, ಇಲ್ಲ. 2016ಕ್ಕೆ ಕೇಳಿದರು, ಇಲ್ಲ. 2020ಕ್ಕೆ ಆ 22 ಮತ. ಈ ವರ್ಷಗಳಲ್ಲೇ ನಮ್ಮ ಕೊಡಗಿನ ಮೂಲದ ಜೋಶ್ನಾ ಚಿಣ್ಣಪ್ಪ ಚೆನ್ನೈಯಲ್ಲಿ ಬೆಳೆದು ದೇಶದ ದೊಡ್ಡ ಸ್ಕ್ವಾಷ್ ಆಟಗಾರ್ತಿ ಆದರು. 2014ರಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಡಬಲ್ಸ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದರು. ಏಷ್ಯನ್ ಗೇಮ್ಸ್ ಪದಕಗಳೂ ಇವೆ. ಒಲಿಂಪಿಯನ್ ಅನ್ನಿಸಿಕೊಳ್ಳುವ ಅವಕಾಶ ಮಾತ್ರ ಬರಲಿಲ್ಲ. ಅವರ ಆಟದಲ್ಲಿ ಕೊರತೆ ಇದ್ದದ್ದಲ್ಲ, ಪಟ್ಟಿಯಲ್ಲಿ ಆಟ ಇರಲಿಲ್ಲ. ಕೊನೆಗೆ ಸ್ಕ್ವಾಷ್‌ಗೆ ಬಾಗಿಲು ತೆರೆಯುವ 2028ಕ್ಕೆ ಅವರಿಗೆ ನಲವತ್ತೊಂದು. ಇನ್ನೊಂದು ಕುಹಕ ನೋಡಿ. ಆ 2014ರ ಚಿನ್ನ ಬಂದದ್ದು ಗ್ಲಾಸ್ಗೋದಲ್ಲೇ. ಅದೇ ಊರು 2026ಕ್ಕೆ ಮಾಡಿದ ಪಟ್ಟಿಯಲ್ಲಿ ಸ್ಕ್ವಾಷ್ ಇಲ್ಲ.

ಗ್ಲಾಸ್ಗೋ ಹಾಗೆ ಯಾಕೆ ಮಾಡಿತು ಅನ್ನುವುದಕ್ಕೆ ದೊಡ್ಡ ರಹಸ್ಯವೇನಿಲ್ಲ. ಕೂಟ ನಡೆಸಬೇಕಿದ್ದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. 2023ರ ಜುಲೈನಲ್ಲಿ ಅದು ಖರ್ಚು ಜಾಸ್ತಿ ಅಂತ ಕೈ ಎತ್ತಿತು. ಬೇರೆ ಯಾರೂ ಸಿಗದಿದ್ದಾಗ ಗ್ಲಾಸ್ಗೋ ಒಪ್ಪಿತು, ಆದರೆ ಶರತ್ತಿನ ಮೇಲೆ: ನಾಲ್ಕೇ ಕ್ರೀಡಾಂಗಣ, ಹತ್ತೇ ಕ್ರೀಡೆ. ಆ ನಾಲ್ಕು ಜಾಗದಲ್ಲಿ ಆಡಿಸಲು ಆಗುವುದಷ್ಟೇ ಉಳಿಯಿತು. ಹಾಕಿ, ಕ್ರಿಕೆಟ್, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಕುಸ್ತಿ, ಸ್ಕ್ವಾಷ್ ಹೋದವು. ಶೂಟಿಂಗ್ 2022ರ ಬರ್ಮಿಂಗ್‌ಹ್ಯಾಮ್‌ನಲ್ಲೇ ಹೋಗಿತ್ತು. ಭಾರತ ಯಾವುದರಲ್ಲಿ ಪದಕ ಗೆಲ್ಲುತ್ತದೋ ಅದನ್ನೇ ಹೆಕ್ಕಿ ತೆಗೆದ ಹಾಗೆ ಕಾಣುತ್ತದೆ, ನಿಜ. ಆದರೆ ಯಾರೋ ಕೂತು ಸಂಚು ಮಾಡಿದ್ದಲ್ಲ. ಮನೆ ಚಿಕ್ಕದಾಗಿತ್ತು, ಅಷ್ಟೇ. 2030ರ ಕೂಟ ಅಹಮದಾಬಾದ್‌ಗೆ ಸಿಕ್ಕಿದೆ. ಆಗ ಮನೆ ನಮ್ಮದು.

ಇಲ್ಲಿಯವರೆಗೆ ಹೇಳಿದ್ದು ಕ್ರೀಡೆಗಳ ವಿಷಯ. ನಿಜವಾದ ಆಟ ಇರುವುದು ಕೆಳಗಿನ ಮೆಟ್ಟಿಲಲ್ಲಿ, ಸ್ಪರ್ಧೆಗಳಲ್ಲಿ. ಕ್ರೀಡೆ ಪಟ್ಟಿಯಲ್ಲಿದ್ದೂ ನಿಮ್ಮ ಸ್ಪರ್ಧೆ ಇಲ್ಲದಿದ್ದರೆ ಏನು ಮಾಡುತ್ತೀರಿ? ಬಿಲ್ಲುಗಾರಿಕೆ ನೋಡಿ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್ ಬಿಲ್ಲಿನ ಐದೂ ಚಿನ್ನ ಭಾರತಕ್ಕೆ ಬಂದವು. ಆದರೆ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ರಿಕರ್ವ್ ಬಿಲ್ಲು ಮಾತ್ರ. ಕಾಂಪೌಂಡ್ ಮೊದಲ ಸಲ ಬರುವುದು 2028ರಲ್ಲಿ, ಅದೂ ಮಿಶ್ರ ತಂಡದ ಒಂದೇ ಸ್ಪರ್ಧೆ. ಬ್ಯಾಡ್ಮಿಂಟನ್‌ನಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಮಿಶ್ರ ತಂಡದ ಚಿನ್ನ ಗೆದ್ದ ಬಳಗದಲ್ಲಿದ್ದರು. ಒಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ತಂಡ ಸ್ಪರ್ಧೆಯೇ ಇಲ್ಲ. ರೋಹನ್ ಬೋಪಣ್ಣ ಮತ್ತು ಸಾನಿಯಾ ಮಿರ್ಜಾ 2016ರ ರಿಯೊದಲ್ಲಿ ಕಂಚಿನ ಪಂದ್ಯ ಸೋತು ನಾಲ್ಕನೆಯವರಾದರಲ್ಲ, ಆ ಮಿಶ್ರ ಡಬಲ್ಸ್ ಸ್ಪರ್ಧೆ 1924ರ ನಂತರ ಮಾಯವಾಗಿ 2012ರಲ್ಲಿ ವಾಪಸ್ ಬಂದದ್ದು. ಒಂದು ಸಾಲು ಸೇರಿದರೆ ಒಬ್ಬರ ಬದುಕಿಗೆ ಒಂದು ಬಾಗಿಲು.

ತೂಕದ ವರ್ಗಗಳಲ್ಲಿ ಇದು ಇನ್ನೂ ನಿರ್ದಯ. ವಿಶ್ವ ಕುಸ್ತಿಯಲ್ಲಿ ಹೆಂಗಸರಿಗೆ ಹತ್ತು ತೂಕದ ವರ್ಗ. ಒಲಿಂಪಿಕ್ಸ್‌ನಲ್ಲಿ ಹಾಸಿಗೆ ಕಡಿಮೆ, ಹಾಗಾಗಿ ಆರು: 50, 53, 57, 62, 68, 76 ಕಿಲೊ. ನಡುವಿನವರು ಮೇಲಕ್ಕೆ ಹೋಗಬೇಕು, ಇಲ್ಲವೇ ಕೆಳಕ್ಕೆ ಇಳಿಯಬೇಕು. ವಿನೇಶ್ ಫೋಗಟ್ 53ರಲ್ಲಿ ಆಡುತ್ತಿದ್ದರು. ಪ್ಯಾರಿಸ್‌ಗೆ ಆ ವರ್ಗದ ಅರ್ಹತೆಯನ್ನು ಅಂತಿಮ್ ಪಂಘಲ್ ಆಗಲೇ ಗಳಿಸಿದ್ದರು. ಒಂದು ವರ್ಗಕ್ಕೆ ಒಂದು ದೇಶದಿಂದ ಒಬ್ಬರೇ. ವಿನೇಶ್ 50ಕ್ಕೆ ಇಳಿದರು. ಫೈನಲ್ ತಲುಪಿದರು. ಎರಡನೇ ದಿನ ಬೆಳಿಗ್ಗೆ ತಕ್ಕಡಿ ನೂರು ಗ್ರಾಂ ಜಾಸ್ತಿ ತೋರಿಸಿತು. ನೂರು ಗ್ರಾಂ ಅಂದರೆ ಅಂಗಡಿಯಲ್ಲಿ ಕಾಫಿಪುಡಿಯ ಚಿಕ್ಕ ಪೊಟ್ಟಣ. ನಮಗೆಲ್ಲ ಆ ನೂರು ಗ್ರಾಂ ಮಾತ್ರ ನೆನಪಿದೆ. 50 ಮತ್ತು 53ರ ನಡುವೆ ಒಬ್ಬ ಹೆಣ್ಣುಮಗಳು ಯಾಕೆ ಸಿಕ್ಕಿಕೊಂಡಳು ಅನ್ನುವುದಕ್ಕೆ ಉತ್ತರ ಆ ಆರರ ಪಟ್ಟಿಯಲ್ಲಿದೆ.

ಪ್ಯಾರಾಲಿಂಪಿಕ್ಸ್‌ನಲ್ಲಿ ವಿಂಗಡಣೆ ಇನ್ನೊಂದು ಬಗೆ. ಅಲ್ಲಿ ಆಟವನ್ನಲ್ಲ, ಆಟಗಾರರನ್ನು ವಿಂಗಡಿಸುತ್ತಾರೆ. ಒಂದು ಕಾಲಿನ ತೊಂದರೆ ಇರುವವರನ್ನು ಕಣ್ಣು ಕಾಣದವರ ಎದುರು ಓಡಿಸುವುದು ನ್ಯಾಯವಲ್ಲ, ಅಲ್ವಾ? ಅಥ್ಲೆಟಿಕ್ಸ್‌ನಲ್ಲಿ ಹೆಸರಿನ ಪಕ್ಕ ಟಿ11, ಎಫ್46 ಅಂತೆಲ್ಲ ಕಾಣುತ್ತದೆ. ಟಿ ಅಂದರೆ ಓಟ ಮತ್ತು ಜಿಗಿತ, ಎಫ್ ಅಂದರೆ ಎಸೆತ. ಅಂಕಿಯ ಮೊದಲ ಭಾಗ ತೊಂದರೆಯ ಬಗೆ ಹೇಳುತ್ತದೆ. ಹತ್ತರ ಸಾಲು ದೃಷ್ಟಿ, ಇಪ್ಪತ್ತು ಬುದ್ಧಿಶಕ್ತಿ, ಮೂವತ್ತರ ಸಾಲು ಸ್ನಾಯುಗಳ ಹಿಡಿತ, ನಲವತ್ತರ ಸಾಲು ಕುಳ್ಳಗಿರುವವರು ಮತ್ತು ಕೈಕಾಲಿನ ತೊಂದರೆ ಇರುವವರು, ಐವತ್ತರ ಸಾಲು ಕೂತು ಸ್ಪರ್ಧಿಸುವವರು, ಅರವತ್ತರ ಸಾಲು ಕೃತಕ ಕಾಲು ಹಾಕಿಕೊಂಡವರು. ಎರಡನೇ ಅಂಕಿ ಚಿಕ್ಕದಾದಷ್ಟೂ ಸಾಮಾನ್ಯವಾಗಿ ತೊಂದರೆ ಜಾಸ್ತಿ. ಪಕ್ಕದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದದ್ದು ಎಫ್42 ವರ್ಗದಲ್ಲಿ. ಆಗ ಜಿಗಿತಕ್ಕೂ ಎಫ್ ಅಕ್ಷರವೇ ಇತ್ತು.

ಈ ವರ್ಗವನ್ನು ಆಟಗಾರ ಆರಿಸಿಕೊಳ್ಳುವಂತಿಲ್ಲ. ಪರಿಣತರು ಪರೀಕ್ಷೆ ಮಾಡಿ, ಆಡುವುದನ್ನು ನೋಡಿ ಕೊಡುತ್ತಾರೆ. ಕೊಟ್ಟದ್ದನ್ನು ಬದಲಿಸಲೂ ಬಹುದು. ಟೋಕಿಯೊದಲ್ಲಿ ಭಾರತದ ಒಬ್ಬ ಡಿಸ್ಕಸ್ ಎಸೆತಗಾರ ಎಫ್52ರಲ್ಲಿ ಕಂಚು ಗೆದ್ದರು. ಎದುರಾಳಿಗಳು ಆಕ್ಷೇಪಿಸಿದರು. ಮರುಪರಿಶೀಲನೆಯಲ್ಲಿ ಆ ವರ್ಗಕ್ಕೆ ಅವರು ಸೇರುವುದಿಲ್ಲ ಅಂತಾಯಿತು, ಪದಕ ಹೋಯಿತು.

ಸರಿ, ಈಗ ತೆಂಗಿನಕಾಯಿ.

ಕೈಲ್‌ಪೊಳ್ದ್ ಅಂದರೆ ನಮ್ಮ ಆಯುಧಪೂಜೆಯ ಹಬ್ಬ. ಅದು ಬಂದರೆ ಊರೂರಲ್ಲಿ ಮರದ ಮೇಲೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತೇವೆ. ಅದನ್ನು ಹೊಸ ಕ್ರೀಡೆ ಅಂತ ಒಲಿಂಪಿಕ್ಸ್‌ಗೆ ಒಯ್ದರೆ ಮೊದಲ ಬಾಗಿಲಲ್ಲೇ ನಿಲ್ಲಿಸುತ್ತಾರೆ. ನಿಮ್ಮ ಅಂತರರಾಷ್ಟ್ರೀಯ ಒಕ್ಕೂಟ ಎಲ್ಲಿ? ಎಷ್ಟು ದೇಶ? ಬುದ್ಧಿವಂತರು ಆ ದಾರಿ ಹಿಡಿಯುವುದಿಲ್ಲ. ಆಗಲೇ ಒಳಗಿರುವ ಒಕ್ಕಕ್ಕೆ ಸೇರಿಕೊಳ್ಳುತ್ತಾರೆ. ಮೂವರ ಬ್ಯಾಸ್ಕೆಟ್‌ಬಾಲ್ ಬಂದದ್ದು ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಬಾಗಿಲಿಂದ. ನಮ್ಮ ಕೆಸರುಗದ್ದೆಯಲ್ಲಿ ಆಡುವ ಹಗ್ಗಜಗ್ಗಾಟ ಇದೆಯಲ್ಲ, ಅದು 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿ ಇತ್ತು. ಅದೂ ಸ್ವಂತ ಕ್ರೀಡೆಯಾಗಿ ಅಲ್ಲ, ಅಥ್ಲೆಟಿಕ್ಸ್‌ನ ಒಂದು ಸ್ಪರ್ಧೆಯಾಗಿ! ಹಾಗೆ ನಮ್ಮ ತೆಂಗಿನಕಾಯಿ ಶೂಟಿಂಗ್ ಒಕ್ಕೂಟದ ಕೆಳಗೆ ಹೋಗಬೇಕು. ಪೂರ್ವನಿದರ್ಶನ ಇಲ್ಲದಿಲ್ಲ. ಹಿಂದೆ ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ 'ಓಡುವ ಜಿಂಕೆ' ಎಂಬ ಸ್ಪರ್ಧೆ ಇತ್ತು. ಜೀವಂತ ಜಿಂಕೆಯಲ್ಲ, ಹಳಿಯ ಮೇಲೆ ಓಡುವ ಜಿಂಕೆಯ ಆಕಾರ. ಸ್ವೀಡನ್ನಿನ ಆಸ್ಕರ್ ಸ್ವಾನ್ ಎಂಬ ಅಜ್ಜ 1920ರಲ್ಲಿ ತನ್ನ 72ನೇ ವಯಸ್ಸಿನಲ್ಲಿ ಅದರ ತಂಡ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಒಲಿಂಪಿಕ್ಸ್ ಇತಿಹಾಸದ ಅತಿ ಹಿರಿಯ ಶೂಟಿಂಗ್ ಪದಕ ವಿಜೇತರು ಅವರೇ. ನಮ್ಮ ಕೆಲವು ಅಜ್ಜಂದಿರು ಇದನ್ನು ಓದಿ ಕೋವಿ ಒರೆಸಲು ಶುರು ಮಾಡಿದರೆ ಆಶ್ಚರ್ಯವಿಲ್ಲ.

ತೊಂದರೆ ಇರುವುದು ಅಳತೆಯಲ್ಲಿ. ಶೂಟಿಂಗ್‌ನಲ್ಲಿ ಎಲ್ಲವೂ ಅಳತೆಗೆ ಸಿಗಬೇಕು. ಟ್ರ್ಯಾಪ್ ಸ್ಪರ್ಧೆಯಲ್ಲಿ ಗಾಳಿಗೆ ಹಾರಿಸುವ ಮಣ್ಣಿನ ಬಿಲ್ಲೆಯ ಅಗಲ 110 ಮಿಲಿಮೀಟರ್, ಒಂದು ಮಿಲಿಮೀಟರ್ ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಇಲ್ಲ. ಹತ್ತು ಮೀಟರ್ ಏರ್ ರೈಫಲ್‌ನ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ದೆಹಲಿಯಲ್ಲಿ ಹೊಡೆದರೂ ಪ್ಯಾರಿಸ್‌ನಲ್ಲಿ ಹೊಡೆದರೂ ಗುರಿ ಒಂದೇ ಇರಬೇಕು, ಆಗ ಮಾತ್ರ ದಾಖಲೆಗೆ ಬೆಲೆ. ತೆಂಗಿನಕಾಯಿ ಹಾಗಲ್ಲವಲ್ಲ. ಒಂದೇ ಗೊನೆಯ ಎರಡು ಕಾಯಿ ಒಂದೇ ಸಮ ಇರುವುದಿಲ್ಲ.

ಮುಂದಿನ ಸಲ ಕೂದಲು ಕತ್ತರಿಸಿಕೊಳ್ಳಲು ಹೋದಾಗ ಇದನ್ನೆಲ್ಲ ಅಂಗಡಿಯಲ್ಲಿ ಹೇಳಿದೆ. ಅದೇ ಹಿರಿಯರು ಇದ್ದರು. ಗಮನವಿಟ್ಟು ಕೇಳಿದರು. "ಹಾಗಾದ್ರೆ ಮೊದಲು ಕಾಯಿಯ ಸೈಜ್ ಫಿಕ್ಸ್ ಮಾಡ್ಬೇಕು" ಅಂದರು. ಬೆಂಚಿನ ಮೇಲಿದ್ದವರು, "ಸಿಪ್ಪೆ ಸಮೇತವಾ, ಸುಲಿದದ್ದಾ?" ಅಂತ ಕೇಳಿದರು. ಸುಲಿದದ್ದೇ ಆಗಬೇಕು ಅಂತ ಇವರು. ಸುಲಿದ ಕಾಯಿಗೆ ಹೊಡೆಯುವುದು ಏನು ದೊಡ್ಡ ವಿಷಯ ಅಂತ ಅವರು. ರೇಜರ್ ಹಿಡಿದ ಹುಡುಗ, "ಸಿಪ್ಪೆ ಇದ್ರೆ ಗುಂಡು ಒಳಗೆ ಹೋಯ್ತಾ ಇಲ್ವಾ ಅಂತ ನೋಡೋದು ಯಾರು?" ಅಂದ. ನನ್ನ ಕಟಿಂಗ್ ಮುಗಿದು ದುಡ್ಡು ಕೊಟ್ಟು ಹೊರಡುವಾಗಲೂ ಅವರು ಸಿಪ್ಪೆಯಲ್ಲೇ ಇದ್ದರು.